ಷರಾ: ಮನೆಗೆ ಬೀಗ

ಸಂಪಿಗೆಪಾಳ್ಯ, ಕಡಬ ಹೋಬಳಿ, ಗುಬ್ಬಿ ತಾಲ್ಲೂಕು
2 ಡಿಸೆಂಬರ್ 2024

ಕಲ್ಲಿ,

ನಾಕು ಸಲ ಫೋನ್ ಮಾಡ್ದೆ. ಮೂರು ಸಲ ನೀನು ಕಟ್ ಮಾಡಿದೆ, ನಾಕನೇ ಸಲಕ್ಕೆ ಸ್ವಿಚ್ ಆಫ್ ಬಂತು. ಅದಕ್ಕೇ ಕಾಗದ ಬರೀತಾ ಇದೀನಿ. ಬೇಕಾದ್ರೆ ಇದನ್ನ ಹರಿದು ಒಲೆಗೆ ಹಾಕು, ಆದ್ರೆ ಜೊತೆಗೆ ಪಿನ್ ಹಾಕಿರೋ ಫಾರಂ ಮಾತ್ರ ಹರೀಬೇಡ.

ನಿಮ್ಮ ಕುಣಿಗಲ್ ಅಡ್ರೆಸ್ಸು ಇಲ್ಲಿ ನಿಮ್ಮ ಪಕ್ಕದ್ಮನೇಲಿದ್ದ ಚಿಕ್ಕಮಾರಮ್ಮನ ಹತ್ರ ಇಸ್ಕೊಂಡೆ. ನಿನ್ನ ಕಣ್ಣಿನ ವಿಷಯ ಹೇಳಿದ್ದೂ ಅವಳೇ. ಬಲಗಣ್ಣು ಪೂರ್ತಿ ಹೋಯ್ತಂತೆ, ಎಡಗಣ್ಣನ್ನೂ ನೆಚ್ಚಿಕೊಳ್ಳೋ ಹಾಗಿಲ್ಲ ಅಂದ್ರಂತೆ. ಅವಳು ಹೇಳುವಾಗ ನಾನು ಡೇರಿಲಿ ಹಾಲು ಅಳೀತಾ ಇದ್ದೆ. ಯಾರ ಕ್ಯಾನು, ಎಷ್ಟು ಲೀಟರು ಅನ್ನೋದೇ ಮರೆತುಹೋಗಿ ಎರಡು ಸಲ ಅಳೆದೆ.

ಈಗ ವಿಷಯಕ್ಕೆ ಬರ್ತೀನಿ. ಯಶಸ್ವಿನಿ ಆರೋಗ್ಯ ಕಾರ್ಡಿಗೆ ಹೆಸರು ಬರೆಸೋದು ನಮ್ಮ ಸಂಘದಲ್ಲಿ ಶುರುವಾಗಿದೆ. ಈಗ ಸೇರಿದ್ರೆ ಏಪ್ರಿಲ್ ಒಂದರಿಂದ ಕಾರ್ಡು ನಡೆಯುತ್ತೆ, ಕಣ್ಣಿನ ಆಪರೇಷನ್ನಿಗೂ ಆಗುತ್ತೆ, ಪಟ್ಟಿಲಿರೋ ಆಸ್ಪತ್ರೆಗೆ ಹೋದ್ರೆ ಸಾಕು. ನೀವು ಊರು ಬಿಟ್ಟಿರಬಹುದು, ನಿನ್ನ ಷೇರು ಇನ್ನೂ ಸಂಘದಲ್ಲೇ ಇದೆ. ಹಾಲು ಹಾಕದೇ ಇರೋರ ಹೆಸರು ತೆಗೀಬೇಕು ಅಂತ ಮೀಟಿಂಗಲ್ಲಿ ಎರಡು ಸಲ ಮಾತು ಬಂತು. ನಿನ್ನ ಹೆಸರು ತೆಗೆಯೋಕೆ ನಾನು ಬಿಟ್ಟಿಲ್ಲ. ಚನ್ನೇಶಣ್ಣ ಟೆಂಪೋ ತಗೊಳ್ಳೋಕೆ ಅಂತ ಟ್ಯಾಕ್ಸ್ ರಿಟರ್ನ್ಸ್ ಹಾಕ್ಸಿ, ನಿಮ್ಮ ರೇಷನ್ ಕಾರ್ಡು ಎಪಿಎಲ್ ಆಗಿ ಕೂತಿದೆ. ಆ ಕಾರ್ಡು ಹಿಡ್ಕೊಂಡು ಹೋದ್ರೆ ಆಸ್ಪತ್ರೆ ಖರ್ಚಲ್ಲಿ ಸ್ವಲ್ಪ ಭಾಗ ಮಾತ್ರ ಸರ್ಕಾರ ಕೊಡೋದು. ನಿಮಗೆ ಉಳಿದಿರೋ ದಾರಿ ಯಶಸ್ವಿನಿ ಒಂದೇ.

ಮೂರೂ ಜನದ ಫೋಟೋ, ಆಧಾರ್ ಜೆರಾಕ್ಸು, ರೇಷನ್ ಕಾರ್ಡ್ ಜೆರಾಕ್ಸು ಕಳಿಸು. ಪೆನ್ಸಿಲಲ್ಲಿ ಗುರ್ತು ಹಾಕಿರೋ ಎರಡು ಕಡೆ ನಿನ್ನ ಸೈನು ಬೇಕು. ಸದಸ್ಯಳು ನೀನು, ಗಂಡ ಅಂತ ಚನ್ನೇಶಣ್ಣ ಸೈನ್ ಹಾಕಿದ್ರೆ ನಡೆಯಲ್ಲ. ಉಳಿದದ್ದೆಲ್ಲ ನಾನು ತುಂಬಿದೀನಿ. ಈ ತಿಂಗಳ ಕೊನೆಗೆ ಮುಗಿಯುತ್ತೆ ಅಂತ ಸುತ್ತೋಲೆ ಇದೆ.

ನೀನು ಹೋಗುವಾಗ ಕೊಟ್ಟು ಹೋದ ಕೆಂದಿ ಹಸು ಚಿಕ್ಕಮಾರಮ್ಮನ ಮನೇಲಿ ಚೆನ್ನಾಗಿದೆ. ಅದರ ಹಾಲು ದಿನಾ ನಾನೇ ಟೆಸ್ಟ್ ಮಾಡ್ತೀನಿ. ಗಟ್ಟಿ ಹಾಲು, ಒಳ್ಳೇ ಡಿಗ್ರಿ ಬರ್ತಾ ಇದೆ.

ಸೈನ್ ಮಾಡಿ ಕಳಿಸು.

ಇಂತಿ,
ಮಾಲಿನಿ
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಂಘ


ಕುಣಿಗಲ್
13 ಡಿಸೆಂಬರ್ 2024

ಕಾರ್ಯದರ್ಶಿಯವರಿಗೆ,

ನಾನು ಇಂಪನಾ, ಕಲ್ಲಮ್ಮನವರ ಮಗಳು. ಹೀಗೆ ಶುರು ಮಾಡೋದು ನನಗೇ ಒಂಥರಾ ಅನಿಸ್ತಾ ಇದೆ. ಚಿಕ್ಕಂದಿನಿಂದ ನಿಮ್ಮನ್ನ ಚಿಕ್ಕಮ್ಮ ಅಂತಾನೇ ಕರೆದಿದೀನಿ. ಆದ್ರೆ ನೀವು ಕಾರ್ಯದರ್ಶಿ ಅಂತ ಸಹಿ ಹಾಕಿದೀರಿ, ನಾನೂ ಹಾಗೇ ಬರೆದೆ.

ಅಮ್ಮ ಈಗ ಓದಲ್ಲ. ಒಂದು ಕಣ್ಣಲ್ಲಿ ಹತ್ತು ನಿಮಿಷ ನೋಡಿದ್ರೆ ತಲೆನೋವು ಬರುತ್ತೆ. ನಿಮ್ಮ ಕಾಗದ ನಾನೇ ಓದಿ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು, "ಫಾರಂ ವಾಪಸ್ ಕಳ್ಸಿಬಿಡು, ಅವಳ ಧರ್ಮ ನಮಗೆ ಬೇಡ" ಅಂದ್ರು. ಅಮ್ಮ ಹೇಳಿದ್ದನ್ನ ಹಾಗೇ ಬರೆದಿದೀನಿ. ಫಾರಂ ಮಾತ್ರ ಕಳಿಸ್ತಾ ಇಲ್ಲ. ಅದನ್ನ ನನ್ನ ಹತ್ರ ಇಟ್ಕೊಂಡಿದೀನಿ.

ಜೂನಲ್ಲಿ ಏನಾಯ್ತು ಅಂತ ನಿಮಗೆ ಯಾರೂ ಸರಿಯಾಗಿ ಹೇಳಿರಲ್ಲ. ಒಂದು ಬೆಳಗ್ಗೆ ಅಮ್ಮ ರಾಗಿ ಕೇರ್ತಾ ಕೇರ್ತಾ, "ಮೂಲೇಲಿ ಯಾರೋ ಕಪ್ಪು ಪರದೆ ಎಳೀತಾವ್ರೆ ನೋಡೇ" ಅಂದ್ರು. ತುಮಕೂರಿಗೆ ಕರ್ಕೊಂಡು ಹೋದ್ವಿ. ಕಣ್ಣಿನೊಳಗಿನ ಪರದೆ ಕಿತ್ತು ಬಂದಿದೆ, ಒಂದು ವಾರದೊಳಗೆ ಆಪರೇಷನ್ ಆದ್ರೆ ಕಣ್ಣು ಉಳಿಯುತ್ತೆ ಅಂದ್ರು ಡಾಕ್ಟರು. ಕೌಂಟರಲ್ಲಿದ್ದ ಹುಡುಗಿ ಮೊದಲು ಕೇಳಿದ್ದೇ, "ಡೇರಿ ಮೆಂಬರಾ? ಯಶಸ್ವಿನಿ ಇದ್ರೆ ನಾಳೇನೇ ಅಡ್ಮಿಟ್ ಆಗಿ" ಅಂತ. ಇಲ್ಲ ಅಂದ್ವಿ. ಅಪ್ಪ ರೇಷನ್ ಕಾರ್ಡ್ ಸರಿ ಮಾಡಿಸ್ತೀನಿ ಅಂತ ತಾಲ್ಲೂಕಾಫೀಸಿಗೆ ಐದು ದಿನ ಅಲೆದ್ರು. ಆಮೇಲೆ ಯಾರೋ ಹೇಳಿದ್ರು ಅಂತ ಬೆಂಗಳೂರಿಗೆ ಹೋದ್ವಿ. ಅಲ್ಲಿ ಆಪರೇಷನ್ ಆಗೋ ಹೊತ್ತಿಗೆ ಇಪ್ಪತ್ತಾರು ದಿನ ಕಳೆದಿತ್ತು. ಕಟ್ಟು ಬಿಚ್ಚಿದಾಗ ಅಮ್ಮ, "ಲೈಟ್ ಹಾಕ್ರಪ್ಪ" ಅಂದ್ರು. ಮಟಮಟ ಮಧ್ಯಾಹ್ನ ಅದು.

ಎಡಗಣ್ಣಲ್ಲೂ ಪರದೆ ತೆಳ್ಳಗಿದೆಯಂತೆ, ಎರಡು ಕಡೆ ತೂತು ಬಿದ್ದಿತ್ತು. ಲೇಸರ್ ಹಾಕಿ ಮುಚ್ಚಿದಾರೆ. ಅದು ಹಿಡ್ಕೊಳ್ಳದೇ ಹೋದ್ರೆ ಆ ಕಣ್ಣಿಗೂ ಆಪರೇಷನ್ ಬೇಕು, ಆಗ ತಡ ಮಾಡೋ ಹಾಗೇ ಇಲ್ಲ ಅಂದಿದಾರೆ.

ನಾನು ಒಂದೇ ಮಾತು ಕೇಳ್ಬೇಕು. ನಮ್ಮೂರಲ್ಲಿ ಯಶಸ್ವಿನಿಗೆ ಯಾರೂ ಡೇರಿಗೆ ಹೋಗಿ ಹೆಸರು ಬರೆಸಲ್ಲ. ನೀವೇ ಪುಸ್ತಕ ಹಿಡ್ಕೊಂಡು ಮನೆಮನೆಗೂ ಬರ್ತೀರಿ. ಬೇಕು ಅನ್ನೋರೂ ಸೈನ್ ಮಾಡ್ತಾರೆ, ಬೇಡ ಅನ್ನೋರೂ ಬೇಡ ಅಂತ ಬರೆದು ಸೈನ್ ಮಾಡ್ತಾರೆ. ಹೋದ ಸಲ ನಮ್ಮನೆಗೆ ಯಾಕೆ ಬರಲಿಲ್ಲ?

ಇಂಪನಾ


ಸಂಪಿಗೆಪಾಳ್ಯ
21 ಡಿಸೆಂಬರ್ 2024

ಇಂಪನಾ, ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ಆದ್ರೆ ನೀನು ತಪ್ಪು ತಿಳ್ಕೊಂಡಿದೀಯ. ನಾನು ಬಂದಿದ್ದೆ. ಪುಸ್ತಕ ಮುಂದಿಟ್ಕೊಂಡೇ ಬರೀತಾ ಇದೀನಿ, ಅದರಲ್ಲಿರೋದನ್ನ ಹಾಗೇ ಇಳಿಸ್ತೀನಿ ನೋಡು.

ಕ್ರಮ ಸಂಖ್ಯೆ 41. ಕಲ್ಲಮ್ಮ ಕೋಂ ಚನ್ನೇಶ್.
9 ಜನವರಿ 2024. ಷರಾ: ಮನೆಗೆ ಬೀಗ.
30 ಜನವರಿ. ಷರಾ: ಮನೆಗೆ ಬೀಗ.
17 ಫೆಬ್ರವರಿ. ಷರಾ: ಮನೆಗೆ ಬೀಗ.

ಮೂರು ಸಲಕ್ಕಿಂತ ಜಾಸ್ತಿ ಯಾರ ಮನೆಗೂ ಹೋಗೋ ರೂಢಿ ಇಲ್ಲ. ನೂರಾ ಹನ್ನೆರಡು ಮನೆ, ಜೊತೆಗೆ ಬೆಳಗ್ಗೆ ಸಂಜೆ ಹಾಲು. ನಿಮ್ಮಮ್ಮ ಹಾಲನ್ನ ಪ್ರೈವೇಟ್ ವ್ಯಾನಿಗೆ ಹಾಕೋಕೆ ಶುರು ಮಾಡಿದ ಮೇಲೆ ಡೇರಿ ಕಡೆ ತಲೆನೇ ಹಾಕ್ತಿರಲಿಲ್ಲ. ಬಂದಿದ್ರೆ ಅಲ್ಲೇ ಸೈನ್ ಹಾಕಿಸ್ಕೊಳ್ತಿದ್ದೆ. ಪೂರ್ತಿ ತಪ್ಪು ನಂದೇ ಅನ್ನೋ ಹಾಗೆ ಬರೆದಿದೀಯ.

ಹೋಗ್ಲಿ, ಅದು ಈಗ ಬೇಡ. ಕೊನೇ ತಾರೀಕನ್ನ ಮುಂದಕ್ಕೆ ಹಾಕ್ತಾರೆ ಅಂತ ಸುದ್ದಿ ಇದೆ. ನಿಮ್ಮಮ್ಮಂಗೆ ಹೇಗಾದ್ರೂ ಹೇಳಿ ಸೈನ್ ಹಾಕಿಸು. ಎಡಗಣ್ಣು ಮುಖ್ಯ. ನನ್ನ ಮೇಲಿನ ಸಿಟ್ಟಿಗೆ ಆ ಕಣ್ಣು ಯಾಕೆ ಬಲಿ ಆಗ್ಬೇಕು?

ನಿನ್ನ ಚಿಕ್ಕಮ್ಮ,
ಮಾಲಿನಿ


ಕುಣಿಗಲ್
4 ಜನವರಿ 2025

ಮಾಲಿನಿ ಚಿಕ್ಕಮ್ಮನವರಿಗೆ,

ನಿಮ್ಮ ಕಾಗದವನ್ನ ಅಮ್ಮಂಗೆ ಓದಿ ಹೇಳ್ದೆ. ಬೀಗ ಅಂತ ಬಂದ ತಕ್ಷಣ ಅಮ್ಮ ಬಟಾಣಿ ಸುಲಿಯೋದು ನಿಲ್ಲಿಸಿದ್ರು. ಮೂರನೇ ಸಲ ಬಂದ ತಾರೀಕು ಯಾವುದು ಅಂತ ಎರಡು ಸಲ ಓದಿಸಿದ್ರು. ಆಮೇಲೆ ಎದ್ದು ಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತ್ಕೊಂಡ್ರು. ಊಟಕ್ಕೆ ಕರೆದ್ರೂ ಬರಲಿಲ್ಲ. ಅಪ್ಪ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದ್ರು.

ಆದ್ರೆ ನನಗೆ ಒಂದು ನೆನಪಿದೆ. ಆ ಜನವರಿಲಿ ಸಂಕ್ರಾಂತಿಗೆ ಮುಂಚೆ ಅಪ್ಪಂಗೆ ಟೈಫಾಯ್ಡ್ ಆಗಿ ಹದಿನೈದು ದಿನ ಮನೇಲೇ ಮಲಗಿದ್ರು. ಅಮ್ಮ ಬಾಗಿಲು ಬಿಟ್ಟು ಹೋಗ್ತಿರಲಿಲ್ಲ. ಒಂಬತ್ತನೇ ತಾರೀಕು ನಮ್ಮನೆಗೆ ಬೀಗ ಇರೋಕೆ ಸಾಧ್ಯಾನೇ ಇಲ್ಲ.

ಇದನ್ನ ಅಮ್ಮಂಗೂ ಹೇಳಿಲ್ಲ, ಅಪ್ಪಂಗೂ ಹೇಳಿಲ್ಲ. ನಿಮಗೆ ಮಾತ್ರ ಬರೀತಾ ಇದೀನಿ.

ಇಂಪನಾ


ಸಂಪಿಗೆಪಾಳ್ಯ
19 ಜನವರಿ 2025

ಕಲ್ಲಿ,

ಈ ಕಾಗದ ಇಂಪನಾನೇ ನಿನಗೆ ಓದಿ ಹೇಳ್ಬೇಕು ಅಂತ ಗೊತ್ತಿದೆ. ನಾನು ಎತ್ತಿ ಆಡಿಸಿದ ಮಗು ಬಾಯಲ್ಲೇ ನನ್ನ ಬಂಡವಾಳ ನೀನು ಕೇಳೋ ಹಾಗಾಯ್ತು. ಆಗ್ಲಿ.

ಮಗಳು ಹಿಡಿದಿದ್ದು ಸರಿ. ಒಂಬತ್ತನೇ ತಾರೀಕು ನಿಮ್ಮನೆಗೆ ಬೀಗ ಇರಲಿಲ್ಲ. ಬೀಗ ಇತ್ತೋ ಇಲ್ವೋ ನೋಡೋಕೂ ನಾನು ಬರಲಿಲ್ಲ. ಚಿಕ್ಕಮಾರಮ್ಮನ ಜಗಲಿ ಮೇಲೆ ಕೂತು ಅವಳ ಸೈನ್ ಹಾಕಿಸ್ಕೊಂಡೆ. ಮುಂದಿನ ಮನೆ ನಿಂದು. ನಿಮ್ಮನೆ ಒಲೆ ಹೊಗೆ ಕಾಣ್ತಾ ಇತ್ತು. ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ ನಂಗೆ. ಅಲ್ಲೇ ಕೂತು ಷರಾ ಬರೆದು, ಓಣಿಲಿ ತಿರುಗಿಕೊಂಡು ವಾಪಸ್ ಹೋದೆ. ಮೂವತ್ತನೇ ತಾರೀಕೂ ಅದೇ ಕತೆ. ಮೂರನೇ ಸಲ ಮಾತ್ರ ಗಟ್ಟಿ ಮನಸು ಮಾಡಿ ಗೇಟಿನವರೆಗೂ ಬಂದೆ. ಅವತ್ತು ನಿಜವಾಗ್ಲೂ ಬೀಗ ಇತ್ತು. ನೋಡಿ ನಂಗೆ ಏನನ್ನಿಸ್ತು ಗೊತ್ತಾ? ಬಚಾವಾದೆ ಅನ್ನಿಸ್ತು. ನನ್ನ ಪುಸ್ತಕದ ಸುಳ್ಳು ನಿಜ ಆಯ್ತು ಅಂತ ಹಗುರ ಆಗಿ ಹೋದೆ. ಅದನ್ನ ನೆನೆಸ್ಕೊಂಡ್ರೆ ಈಗ ನನ್ನ ಮೇಲೆ ನಂಗೇ ಅಸಹ್ಯ ಆಗುತ್ತೆ.

ಮನೆಮನೆಗೆ ಪುಸ್ತಕ ಹಿಡ್ಕೊಂಡು ಹೋಗ್ಬೇಕು ಅಂದೋಳು ನೀನು. ಸಂಘ ಕಟ್ಟುವಾಗ ನೆನಪಿದೆಯಾ, ನಾವಿಬ್ಬರೂ ಈ ಊರಿಗೆ ಒಂದೇ ತಿಂಗಳಲ್ಲಿ ಸೊಸೆಯಾಗಿ ಬಂದಿದ್ದೋರು, ಐವತ್ತು ಸೈನು ಬೇಕಿತ್ತು. ನಾನು ನೋಟೀಸ್ ಅಂಟಿಸೋಣ ಅಂದೆ. "ನೋಟೀಸ್ ನೋಡಿ ಯಾವ ಹೆಂಗಸು ಬರ್ತಾಳೆ, ಬಾಗಿಲಿಗೆ ಹೋಗಿ ಕರೀಬೇಕು ಕಣೇ" ಅಂದೆ ನೀನು. ಹದಿನೆಂಟು ವರ್ಷದಿಂದ ಹಾಗೇ ನಡೆಸ್ಕೊಂಡು ಬಂದೆ. ನಿನ್ನ ಬಾಗಿಲಿಗೆ ಮಾತ್ರ ಹೋಗಲಿಲ್ಲ.

ಯಾಕೆ ಅಂತ ನಿನಗೆ ಅರ್ಧ ಗೊತ್ತು, ಇನ್ನರ್ಧ ಗೊತ್ತಿಲ್ಲ. ಅದಕ್ಕೂ ಮುಂಚಿನ ಆಷಾಢದಲ್ಲಿ ನಿನ್ನ ಹಾಲು ಮೆಷಿನ್ನಿಗೆ ಹಾಕಿದಾಗ ನೀರು ಅಂತ ತೋರಿಸ್ತು. ಇಪ್ಪತ್ತು ಜನ ಹೆಂಗಸರು ಸಾಲಾಗಿ ನಿಂತಿದ್ರು. ನಿನ್ನನ್ನ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನಾನು ಕ್ಯಾನು ವಾಪಸ್ ತಳ್ಳಿ, "ಮೂರು ದಿನದಿಂದ ನೋಡ್ತಾ ಇದೀನಿ ಕಲ್ಲಮ್ಮ, ನೀರು ಹುಯ್ಯೋದು ಬಿಡು" ಅಂದೆ. ಕಾರ್ಯದರ್ಶಿ ಅನ್ನೋ ಜಂಬ ನಂಗೆ. ಸ್ನೇಹಿತೆ ಆದ್ರೂ ಬಿಡಲ್ಲ ಅಂತ ನಾಕು ಜನ ಹೊಗಳಲಿ ಅಂತಿತ್ತು ಮನಸಲ್ಲಿ. ನೀನು ಅಷ್ಟೂ ಹಾಲನ್ನ ಮೆಟ್ಟಿಲ ಮೇಲೆ ಸುರಿದು ಹೋದೆ.

ಎಂಟು ದಿನ ಆದಮೇಲೆ ಮೆಷಿನ್ ಸರ್ವೀಸಿಗೆ ಗುರುಪ್ರಕಾಶ್ ಬಂದ. ನೋಡಿ, "ಅಕ್ಕ, ಇದು ಗಟ್ಟಿ ಹಾಲಿಗೂ ನೀರು ತೋರಿಸ್ತಾ ಇದೆ. ಯಾವಾಗಿಂದ ಹೀಗೆ?" ಅಂದ. ನಾನು, "ಇವತ್ತಿಂದ" ಅಂದೆ. ಯಾರಿಗೂ ಹೇಳಲಿಲ್ಲ ಕಲ್ಲಿ. ನಾಳೆ ಹೋಗಿ ನಿನ್ನ ಕಾಲು ಹಿಡೀತೀನಿ ಅಂತ ಒಂದು ವರ್ಷ ನಾಳೆ ನಾಳೆ ಅಂದೆ. ಈಗ ದಿನಾ ಬೆಳಗ್ಗೆ ಕೆಂದಿ ಹಾಲು ಬರುತ್ತೆ. ಒಂದು ದಿನಾನೂ ಅದರಲ್ಲಿ ನೀರು ಅಂತ ಬಂದಿಲ್ಲ.

ಮಾಫಿ ಮಾಡು ಅಂತ ಕೇಳೋಕೆ ಬಾಯಿ ಬರಲ್ಲ. ಕಣ್ಣು ವಾಪಸ್ ಕೊಡೋಕೆ ಆಗುತ್ತಾ ನನ್ನ ಕೈಲಿ? ಫಾರಂಗೆ ಸೈನ್ ಹಾಕು, ಅಷ್ಟೇ ಕೇಳೋದು. ನನ್ನನ್ನ ಬೈಕೊಂಡೇ ಹಾಕು.

ನಿನ್ನ ಮುಂದೆ ತಲೆ ಎತ್ತಲಾರದ,
ಮಾಲಿನಿ


ಸಂಪಿಗೆಪಾಳ್ಯ
20 ಫೆಬ್ರವರಿ 2025

ಕಲ್ಲಿ, ಒಂದು ತಿಂಗಳಾಯ್ತು. ಕೊನೇ ತಾರೀಕು ಮಾರ್ಚ್ ಕೊನೆಗೆ ಹೋಗಿದೆ, ಇನ್ನು ಮುಂದಕ್ಕೆ ಹೋಗೋದು ಅನುಮಾನ. ನನಗೆ ಉತ್ತರ ಬರೀಬೇಡ, ಫಾರಂ ಒಂದೇ ಕವರಿಗೆ ಹಾಕಿ ಕಳಿಸು. ಒಳಗೆ ಒಂದು ಅಕ್ಷರಾನೂ ಇರಬೇಕಾಗಿಲ್ಲ.

ಮಾಲಿನಿ


ಕುಣಿಗಲ್
1 ಮಾರ್ಚ್ 2025

ಚಿಕ್ಕಮ್ಮ,

ಶಿವರಾತ್ರಿ ಮಾರನೇ ದಿನ ಅಮ್ಮನ ಎಡಗಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಯ್ತಂತೆ. ಬಲಗಣ್ಣಿಗೂ ಮೊದಲು ಹಾಗೇ ಆಗಿತ್ತು. ತುಮಕೂರಿಗೆ ಓಡಿದ್ವಿ. ಇನ್ನೊಂದು ಸಲ ಲೇಸರ್ ಹಾಕಿದಾರೆ. ಸದ್ಯಕ್ಕೆ ಹಿಡ್ಕೊಂಡಿದೆ, ಬೇಸಿಗೆ ಒಳಗೆ ಆಪರೇಷನ್ ಮಾಡಿಬಿಡೋದು ಒಳ್ಳೇದು ಅಂದ್ರು ಡಾಕ್ಟರು. ಭಾರ ಎತ್ತಬೇಡಿ, ಬಗ್ಗಬೇಡಿ ಅಂದಿದಾರೆ. ಅಮ್ಮ ದಿನವಿಡೀ ಗೋಡೆಗೆ ಒರಗಿ ಸುಮ್ಮನೆ ಕೂತಿರ್ತಾರೆ.

ನಿಮ್ಮ ಜನವರಿ ಕಾಗದ ಓದಿದಾಗ ಅಮ್ಮ ಅತ್ರು. ನೀವು ಬರಲೇ ಇಲ್ಲ ಅನ್ನೋದಕ್ಕೆ ಅಳ್ತಿದಾರೆ ಅಂದ್ಕೊಂಡೆ. ಆದ್ರೆ ಮೂರನೇ ಸಲದ ವಿಷಯ ಇರೋ ಕಡೆ ಮತ್ತೆ ಓದು ಅಂದ್ರು. ಯಾಕೆ ಅಂತ ಕೇಳಿದ್ರೆ ಹೇಳಲ್ಲ. ಫಾರಂ ಅಂದ್ರೆ ಎದ್ದು ಹೋಗ್ತಾರೆ.

ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಮ್ಮನ ಸೈನು ನನಗೆ ಬರುತ್ತೆ. ಸ್ಕೂಲಲ್ಲಿ ಓದುವಾಗ ಮಾರ್ಕ್ಸ್ ಕಾರ್ಡಿಗೆ ಹಾಕಿ ಹಾಕಿ ರೂಢಿ ಆಗಿದೆ. ಹಾಕಿ ಕಳಿಸಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ. ನೀವು ಹೂಂ ಅಂದ್ರೆ ಸಾಕು.

ಇಂಪನಾ


ಸಂಪಿಗೆಪಾಳ್ಯ
7 ಮಾರ್ಚ್ 2025

ಮಗಳೇ,

ಹೂಂ ಅಂತ ಬರೆದು, ಕವರು ಅಂಟಿಸಿ, ಕಡಬದ ಪೋಸ್ಟಾಫೀಸಿನವರೆಗೂ ಹೋಗಿದ್ದೆ. ಡಬ್ಬಕ್ಕೆ ಹಾಕದೆ ವಾಪಸ್ ತಂದೆ.

ಬೇಡ, ಹಾಕ್ಬೇಡ. ನಾಳೆ ಆಸ್ಪತ್ರೆಲಿ ಸೈನ್ ನೋಡಿ ಯಾರಾದ್ರೂ ಅನುಮಾನ ಪಟ್ರೆ ಕಾರ್ಡೇ ತಡೆ ಹಿಡೀತಾರೆ, ಆಗ ಕಣ್ಣಿಗೆ ಇರೋ ಒಂದು ದಾರಿನೂ ಮುಚ್ಚುತ್ತೆ. ಅದು ಒಂದು. ಇನ್ನೊಂದು, ನಾನು ಆ ಪುಸ್ತಕದಲ್ಲಿ ಒಂದು ಸುಳ್ಳು ಬರೆದಿದ್ದಕ್ಕೇ ಇಷ್ಟೆಲ್ಲ ಆಗಿರೋದು. ನಿನ್ನ ಕೈಲೂ ಬರೆಸೋಕೆ ನಂಗೆ ಮನಸಿಲ್ಲ. ಬೇಡ ಅಂತಾನೂ ಹೇಳೋಕೆ ನಂಗೆ ಹಕ್ಕಿಲ್ಲ ಅಂತ ಗೊತ್ತು.

ನಮ್ಮ ಸಂಘದ ಪಟ್ಟಿನ ಕೊನೇ ದಿನದವರೆಗೂ ಕಳಿಸದೆ ಇಟ್ಕೊಂಡಿರ್ತೀನಿ. ನಿಮ್ಮ ಸಾಲು ಖಾಲಿ ಬಿಟ್ಟಿದೀನಿ. ಅಮ್ಮಂಗೆ ಇದನ್ನೂ ಓದಿ ಹೇಳು.

ಚಿಕ್ಕಮ್ಮ


ಕುಣಿಗಲ್
16 ಮಾರ್ಚ್ 2025

ಮಾಲಿನಿಗೆ,

ಇದು ನಾನೇ ಬರೀತಾ ಇರೋದು, ಕಲ್ಲಿ. ಇಂಪನಾ ಹಾಳೆ ಮೇಲೆ ದಪ್ಪ ದಪ್ಪ ಗೆರೆ ಎಳೆದು ಕೊಟ್ಟವ್ಳೆ. ಆದ್ರೂ ಸಾಲು ಕೆಳಕ್ಕೆ ಜಾರ್ತದೆ. ಎರಡು ದಿನದಿಂದ ಸ್ವಲ್ಪ ಸ್ವಲ್ಪ ಬರೀತಾ ಇದೀನಿ. ತಪ್ಪಿದ್ರೆ ಸರಿ ಮಾಡ್ಕೊಂಡು ಓದು.

ಹದಿನೇಳನೇ ತಾರೀಕಿನ ಬೀಗ ನಾನು ಹಾಕಿದ್ದು. ನಾನು ಒಳಗೇ ಇದ್ದೆ.

ಮೊದಲನೇ ಸಲ ನೀನು ಚಿಕ್ಕಮಾರಮ್ಮನ ಜಗಲಿಗೆ ಬಂದಾಗ ನಿನ್ನ ದನಿ ಕೇಳಿಸ್ತು. ನೀನು ನೋಡಿದ ಹೊಗೆ ಕಾಫಿಗೆ ಇಟ್ಟಿದ್ದು ಕಣೆ. ಸಿಟ್ಟು ಇತ್ತು, ಆದ್ರೂ ಬಾಗಿಲಿಗೆ ಬಂದೋಳ್ನ ಬರಿಬಾಯಲ್ಲಿ ಕಳಿಸ್ಬಾರ್ದು ಅಂತ ಇಟ್ಟೆ. ನೀನು ಹಂಗೇ ತಿರುಗಿಕೊಂಡು ಹೋದೆ. ಎರಡನೇ ಸಲಾನೂ ಹಂಗೇ ಮಾಡ್ದೆ. ಆಗ ನಂಗೆ ಹೊಟ್ಟೆ ಉರಿದು ಹೋಯ್ತು. ಇನ್ನೊಂದ್ಸಲ ಬಂದ್ರೆ ಇವ್ಳಿಗೆ ನನ್ನ ಮನೆ ಬೀಗ ತೋರಿಸ್ಬೇಕು ಅಂದ್ಕೊಂಡೆ. ಹದಿನೇಳನೇ ತಾರೀಕು ಓಣಿ ತುದೀಲಿ ನಿನ್ನ ಕಂಡೆ. ಮುಂದ್ಲ ಬಾಗಿಲಿಗೆ ಹೊರಗಿಂದ ಬೀಗ ಜಡಿದು, ನುಗ್ಗೆಮರದ ಕಡೆಯಿಂದ ಸುತ್ತಿ ಹಿತ್ತಲ ಬಾಗಿಲಲ್ಲಿ ಒಳಕ್ಕೆ ಬಂದು, ರುಬ್ಬೋ ಕಲ್ಲಿನ ಪಕ್ಕ ಕೂತ್ಕೊಂಡೆ. ಸಣ್ಣ ಮಕ್ಕಳಾಟ ಅಂತೀಯ. ಹೌದು.

ಗೇಟ್ ಸದ್ದಾಯ್ತು. ನೀನು ನಿಂತೆ. ನಿನ್ನ ಬಳೆ ಸದ್ದೂ ಕೇಳಿಸ್ತು. ಕಲ್ಲೀ ಅಂತ ಒಂದ್ಸಲ ಕೂಗ್ತೀಯ ಅಂತ ಕಾದೆ. ಕೂಗಿದ್ರೆ ಹಿತ್ತಲಿಂದ ಓಡಿ ಬಂದ್ಬುಡ್ತಿದ್ದೆ. ಆಣೆ ಮಾಡಿ ಹೇಳ್ತೀನಿ, ಎದ್ದು ನಿಂತಿದ್ದೆ. ನೀನು ಕೂಗಲಿಲ್ಲ. ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸ್ತು, ಆಮೇಲೆ ಗೇಟು.

ಇವ್ರು ಮನೆಗೆ ಬಂದು ಯಶಸ್ವಿನಿಗೆ ಬರೆಸಿದ್ಯಾ ಅಂದ್ರು. ಮಾಲಿನಿ ಬರಲೇ ಇಲ್ಲ ಅಂದೆ. ಅದೇ ಮಾತನ್ನ ತುಮಕೂರು ಆಸ್ಪತ್ರೆ ಕೌಂಟರ್ ಮುಂದೆನೂ ಹೇಳ್ದೆ. ಇವ್ರು ಅಲ್ಲೇ ನಿಂತ್ಕೊಂಡು ನಿಂಗೆ ಶಾಪ ಹಾಕಿದ್ರು. ನಾನು ಬಾಯಿ ಮುಚ್ಕೊಂಡು ಬೆಂಚಿನ ಮೇಲೆ ಕೂತಿದ್ದೆ. ಆಗ ಬಲಗಣ್ಣಲ್ಲಿ ಇನ್ನೂ ಅರ್ಧ ಬೆಳಕು ಇತ್ತು.

ನಿನ್ನ ಮೊದಲನೇ ಕಾಗದ ಬಂದಾಗ ಸಿಟ್ಟಿಂದ ಸೈನ್ ಹಾಕಲಿಲ್ಲ. ಬೀಗದ ಮಾತು ಬಂದಮೇಲೆ ಹೆದರಿಕೆಯಿಂದ ಹಾಕಲಿಲ್ಲ. ನೀನು ತಪ್ಪನ್ನೆಲ್ಲ ಮೈಮೇಲೆ ಹಾಕ್ಕೊಂಡು ಬರೆದ್ಯಲ್ಲ, ಆಗ ನಾಚಿಕೆಯಿಂದ ಹಾಕೋಕಾಗಲಿಲ್ಲ. ಹಾಕಿದ್ರೆ ನಂದು ಹೇಳ್ಬೇಕಾಗ್ತದೆ. ಹೇಳ್ದೆ ಹಾಕಿದ್ರೆ ನಿನ್ನ ಕೈಲಿ ಪಾಪ ಹೊರೆಸಿ ನಾನು ಕಾರ್ಡು ಹಿಡ್ಕೊಂಡಂಗಾಗ್ತದೆ. ಮೊನ್ನೆ ನಿನ್ನ ಕಾಗದ ಓದಿಸ್ಕೊಂಡ ಮೇಲೆ ಇಬ್ರಿಗೂ ಹೇಳ್ಬುಟ್ಟೆ. ಇವ್ರು ಎದ್ದು ಹೋಗಿ, ತೊಳೆದಿದ್ದ ಟೆಂಪೋನೇ ಮತ್ತೆ ತೊಳೆದ್ರು. ಎರಡು ದಿನ ಆಯ್ತು, ನನ್ನ ಜೊತೆ ಮಾತಿಲ್ಲ. ಇಂಪನಾ ಪೆನ್ಸಿಲ್ ಹೆರೆದು ಗೆರೆ ಎಳೆದು ಕೊಟ್ಲು.

ಫಾರಂ ಜೊತೆಗಿದೆ. ಎರಡು ಕಡೆನೂ ಸೈನ್ ಹಾಕಿದೀನಿ, ಎರಡನೇದು ಸೊಟ್ಟಗಾಗದೆ. ಫೋಟೋ, ಜೆರಾಕ್ಸು ಎಲ್ಲ ಇದೆ. ಹೊಸ ಫೋಟೋದಲ್ಲಿ ನನ್ನ ಬಲಗಣ್ಣು ಎತ್ತಲೋ ನೋಡ್ತಾ ಐತೆ. ಅದನ್ನ ನೋಡಿ ಅಳಬೇಡ.

ಮೆಷಿನ್ ವಿಷಯ ಮಾತ್ರ ನಂಗೆ ಬೇಗ ಮರೆಯೋಕಾಗಲ್ಲ. ಸುಳ್ಳು ಹೇಳ್ದೆ ಬರೀತಾ ಇದೀನಿ, ಅದು ಈಗ್ಲೂ ಉರೀತದೆ. ಕಾಗದದಲ್ಲಿ ನಂಗೆ ಒಬ್ಬಳಿಗೇ ಹೇಳಿದ್ರೆ ಸಾಲದು. ಹಾಲು ಹಾಕೋಕೆ ಸಾಲು ನಿಂತಿರ್ತಾರಲ್ಲ, ಬೆಳಗ್ಗೆ, ಅವರ ಮುಂದೆ ಹೇಳು. ಆಮೇಲೆ ಬಾ. ಏಪ್ರಿಲಲ್ಲಿ ಆಪರೇಷನ್ನಿಗೆ ಹೋಗುವಾಗ ಪಕ್ಕದಲ್ಲಿ ನೀನಿದ್ರೆ ನಂಗೆ ಧೈರ್ಯ.

ನೀನು ಕೂಗಿದ್ರೆ ಈ ಕಣ್ಣು ಇರ್ತಿತ್ತು. ನಾನು ಬಾಗಿಲು ತೆಗೆದಿದ್ರೂ ಇರ್ತಿತ್ತು. ಯಾರ ಪಾಲು ಎಷ್ಟು ಅಂತ ಅಳೆಯೋಕೆ ನಿನ್ನ ಡೇರೀಲಿ ಮೆಷಿನ್ನಿಲ್ಲ, ಬುಡು.

ಒಂದು ಮಾತು ನಡೆಸ್ಕೊಡು. ಇನ್ಮೇಲೆ ಯಾರ ಮನೆಗಾದ್ರೂ ಪುಸ್ತಕ ಹಿಡ್ಕೊಂಡು ಹೋದಾಗ ಬೀಗ ಕಂಡ್ರೆ, ಷರಾ ಬರೆಯೋಕೆ ಮುಂಚೆ ಒಂದ್ಸಲ ಹೆಸರು ಹಿಡಿದು ಕೂಗು. ಒಳಗೆ ಯಾರಾದ್ರೂ ಎದ್ದು ನಿಂತಿರ್ತಾರೆ.

ಕಲ್ಲಿ